ಫೇಲಿಲ್ಲದ ಪರೀಕ್ಷೆ

ಪರೀಕ್ಷೆಯೆಂದರೆ ನಮ್ಮಲ್ಲಿ ಎರಡೇ ಬಾಗಿಲು. ಒಂದರ ಮೇಲೆ ಪಾಸು, ಇನ್ನೊಂದರ ಮೇಲೆ ಫೇಲು ಎಂದು ಬರೆದಿರುತ್ತದೆ. ನಡುವೆ ಕುಳಿತು ಸುಧಾರಿಸಿಕೊಳ್ಳಲು ಜಗಲಿಯಿಲ್ಲ. ಫಲಿತಾಂಶದ ದಿನ ಮನೆಗೆ ಬಂದ ನೆಂಟರು 'ಎಷ್ಟು ಬಂತು?' ಎಂದು ಕೇಳುತ್ತಾರೆಯೇ ಹೊರತು 'ಏನು ಬಂತು?' ಎಂದು ಕೇಳಿದವರನ್ನು ನಾನು ಕಂಡಿಲ್ಲ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿ, ಕಟ್ಟುಗಟ್ಟಲೆ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಹರಿಸಿದ ನನ್ನಂಥವನಿಗೂ ಪರೀಕ್ಷೆಯ ವಿಷಯದಲ್ಲಿ ಬೇರೆ ಕಲ್ಪನೆ ಸುಲಭವಾಗಿ ಬಾರದು. ಆದುದರಿಂದ, ಫೇಲಾಗುವ ಅವಕಾಶವೇ ಇಲ್ಲದ ಪರೀಕ್ಷೆಯೊಂದುಂಟು ಎಂದು ಅಮೆರಿಕದಲ್ಲಿರುವ ನನ್ನ ತಂಗಿ ಫೋನಿನಲ್ಲಿ ಹೇಳಿದಾಗ, "ಹಾಗಾದರೆ ಅದನ್ನು ಪರೀಕ್ಷೆ ಎನ್ನುವುದಾದರೂ ಏಕಮ್ಮ?" ಎಂದು ನಾನು ಕೇಳಿದ್ದು ಸಹಜವೇ.

ವಿಷಯ ಇಷ್ಟು. ಆ ದೇಶದ ಅನೇಕ ಕಾಲೇಜುಗಳಲ್ಲಿ ಪದವಿ ಬೇಕಾದವರು ಒಂದು ಪರಭಾಷೆಯನ್ನು ಕಲಿಯಲೇಬೇಕೆಂಬ ನಿಯಮವಿದೆ. ಹೊಸದಾಗಿ ಸೇರುವ ಹುಡುಗರಾದರೋ ನಾನಾ ಶಾಲೆಗಳಿಂದ ಬಂದವರು. ಒಬ್ಬ ನಾಲ್ಕು ವರ್ಷ ಸ್ಪ್ಯಾನಿಷ್ ಓದಿರುತ್ತಾನೆ. ಇನ್ನೊಬ್ಬಳು ಎರಡು ವರ್ಷ ಫ್ರೆಂಚ್ ಓದಿ ಮರೆತಿರುತ್ತಾಳೆ. ಮೂರನೆಯವನಿಗೆ ತನ್ನ ಭಾಷೆಯ ಹೊರತು ಮತ್ತೊಂದರ ಗಾಳಿಯೇ ಸೋಕಿರುವುದಿಲ್ಲ. ಇವರನ್ನೆಲ್ಲ ಒಂದೇ ತರಗತಿಯಲ್ಲಿ ಕೂರಿಸಿದರೆ ಒಬ್ಬ ಆಕಳಿಸುತ್ತಾನೆ, ಇನ್ನೊಬ್ಬ ಅಳುತ್ತಾನೆ. ಅದಕ್ಕಾಗಿ ಪಾಠ ಶುರುವಾಗುವ ಮುಂಚೆಯೇ ಒಂದು ಪರೀಕ್ಷೆ. ಎಷ್ಟೋ ಕಡೆ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಬರೆಯಬಹುದು. ಕೆಲವು ಪರೀಕ್ಷೆಗಳಲ್ಲಿ ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. ಹೀಗೆ ಮೇಲೆ ಕೆಳಗೆ ತೂಗಿ ಕೊನೆಗೆ ಮುಳ್ಳು ಎಲ್ಲಿ ನಿಲ್ಲುವುದೋ ಅದೇ ನಿಮ್ಮ ತರಗತಿ. ನಮ್ಮ ಹುಡುಗಿಗೆ ಎರಡನೆಯ ವರ್ಷದ ಸ್ಪ್ಯಾನಿಷ್ ತರಗತಿ ದೊರೆಯಿತು. ಮೊದಲ ವರ್ಷದ ಪಾಠ ಉಳಿಯಿತು. ಶುಲ್ಕವೂ ಉಳಿದೀತೆಂದು ತಂಗಿಗೆ ಸಂತೋಷ.

ಆದರೆ ಮನುಷ್ಯ ಬುದ್ಧಿ ನೋಡಿ! ಸೊಸೆಯ ಗೆಳತಿಯೊಬ್ಬಳು ಬೇಕೆಂದೇ ತಪ್ಪು ಉತ್ತರ ಕೊಟ್ಟಳಂತೆ. ಬಲ್ಲ ಪಾಠವನ್ನೇ ಮತ್ತೆ ಕೇಳಿದರೆ ಶ್ರಮವಿಲ್ಲದೆ ಮೇಲ್ದರ್ಜೆ ಬರುತ್ತದಲ್ಲವೆ? ಮತ್ತೊಬ್ಬ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಬರೆದು ಮೇಲಿನ ತರಗತಿಗೆ ಏರಿದ. ಎರಡು ವಾರದಲ್ಲೇ ಅಲ್ಲಿಂದ ಇಳಿಯುವ ದಾರಿ ಹುಡುಕತೊಡಗಿದ. ಸೋಲುಗೆಲುವಿಲ್ಲದ ಆಟದಲ್ಲೂ ಮೋಸ ಮಾಡುವ ಜಾಣತನ ನಮ್ಮ ದೇಶದ ಸೊತ್ತು ಮಾತ್ರವಲ್ಲ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವೇ ಆಯಿತು. ಅಂಗಿ ಹೊಲಿಸುವಾಗ ದರ್ಜಿಯ ಮುಂದೆ ಉಸಿರು ಬಿಗಿಹಿಡಿದು ನಿಂತರೆ ಅಂಗಿ ಬಿಗಿಯಾಗುತ್ತದೆ, ತೊಡಬೇಕಾದವರು ನಾವೇ.

ಭಾಷೆಯನ್ನು ಅಳೆಯುವ ಕೆಲಸ ಹಳೆಯದು, ಎಲ್ಲ ಕಾಲಕ್ಕೂ ಇಷ್ಟು ಸೌಮ್ಯವೂ ಆಗಿರಲಿಲ್ಲ. ಬೈಬಲ್ಲಿನ ನ್ಯಾಯಸ್ಥಾಪಕರ ಗ್ರಂಥದಲ್ಲಿ ಒಂದು ಕಥೆಯಿದೆ. ಯುದ್ಧದಲ್ಲಿ ಸೋತ ಎಫ್ರಾಯೀಮಿನವರು ಯೊರ್ದನ್ ನದಿಯನ್ನು ದಾಟಲು ಬಂದಾಗ, ಕಡವನ್ನು ಕಾಯುತ್ತಿದ್ದ ಗಿಲ್ಯಾದಿನವರು 'ಷಿಬ್ಬೋಲೆತ್' ಎನ್ನುವಂತೆ ಹೇಳುತ್ತಿದ್ದರು. 'ಷ' ನುಡಿಯಲಾರದೆ 'ಸಿಬ್ಬೋಲೆತ್' ಎಂದವನನ್ನು ಅಲ್ಲೇ ಕೊಲ್ಲುತ್ತಿದ್ದರು. ಹಾಗೆ ಸತ್ತವರು 42,000 ಮಂದಿ ಎನ್ನುತ್ತದೆ ಆ ಗ್ರಂಥ. ಒಂದೇ ಅಕ್ಷರದ ಪ್ರಶ್ನೆಪತ್ರಿಕೆ! ಸ-ಷ ಭೇದ ತಿಳಿಯದ ಹುಡುಗರ ಅಂಕ ಕತ್ತರಿಸುವ ನಾನು ಈ ಕಥೆಯನ್ನು ಓದಿದಾಗಲೆಲ್ಲ ಲೇಖನಿಯನ್ನು ಸ್ವಲ್ಪ ಮೆಲ್ಲಗೆ ಹಿಡಿಯುತ್ತೇನೆ.

ನಮ್ಮ ಕಾಲದ ವಿದ್ವಾಂಸರು ಇದೇ ಕೆಲಸಕ್ಕೆ ಮೃದುವಾದ ಉಪಕರಣಗಳನ್ನು ಮಾಡಿದ್ದಾರೆ. 1953ರಲ್ಲಿ ವಿಲ್ಸನ್ ಟೇಲರ್ ಎಂಬ ಅಮೆರಿಕನ್, ಗದ್ಯಭಾಗದಲ್ಲಿ ಅಲ್ಲಲ್ಲಿ ಪದ ತೆಗೆದು ಓದುಗರಿಂದ ತುಂಬಿಸುವ ವಿಧಾನವನ್ನು ಹೊರಡಿಸಿದ. ಬರಹ ಎಷ್ಟು ಸುಲಭವೆಂದು ತಿಳಿಯಲು ಹುಟ್ಟಿದ ಈ ಉಪಾಯ ಮುಂದೆ ಓದುಗನ ಭಾಷಾಜ್ಞಾನವನ್ನು ಅಳೆಯಲು ಬಳಕೆಯಾಯಿತು. 1981ರಲ್ಲಿ ಜರ್ಮನಿಯಲ್ಲಿ ಅದನ್ನು ಇನ್ನಷ್ಟು ತಿದ್ದಿ, ಒಂದು ಪದ ಬಿಟ್ಟು ಒಂದು ಪದದ ಉತ್ತರಾರ್ಧವನ್ನು ಅಳಿಸಿ ಕೊಡುವ ಕ್ರಮ ಬಂತು. 2001ರಲ್ಲಿ ಯೂರೋಪಿನ ಪರಿಷತ್ತು ಭಾಷಾಜ್ಞಾನಕ್ಕೆ ಆರು ಮೆಟ್ಟಿಲುಗಳ ಏಣಿಯೊಂದನ್ನು ಪ್ರಕಟಿಸಿತು. ಆ ಏಣಿಯ ಗುಣವೆಂದರೆ, ಅದು ಕಲಿಯುವವನಿಗೆ ಏನು ಬಾರದು ಎಂದು ಹೇಳುವುದಿಲ್ಲ. ಈ ಮೆಟ್ಟಿಲಿನವನು ಅಂಗಡಿಯಲ್ಲಿ ಬೆಲೆ ಕೇಳಬಲ್ಲ, ಆ ಮೆಟ್ಟಿಲಿನವನು ವಾದ ಮಾಡಬಲ್ಲ ಎಂದು, ಬಲ್ಲುದನ್ನೇ ಎತ್ತಿ ಹೇಳುತ್ತದೆ.

ಅರ್ಧ ಪದ ಅಳಿಸುವ ಉಪಾಯ ನಮ್ಮ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ. ಕನ್ನಡ ಪದದ ತಲೆಯಲ್ಲಿ ಅರ್ಥ, ಬಾಲದಲ್ಲಿ ವ್ಯಾಕರಣ. 'ಅಜ್ಜ ಪೇಟೆಯಿಂದ ತಂದ ಹಣ್ಣನ್ನು ತಾನು ತಿನ್ನದೆ ಮಕ್ಕಳಿಗೆ ಹಂಚಿದ' ಎಂಬಲ್ಲಿ ಬಾಲಗಳನ್ನು ಕತ್ತರಿಸಿದರೆ ವಿಭಕ್ತಿಯೂ ಹೋಯಿತು, ಕ್ರಿಯಾಪದದ ಪ್ರತ್ಯಯವೂ ಹೋಯಿತು. ಅವನ್ನು ಮತ್ತೆ ಹಚ್ಚಬಲ್ಲವನಿಗೆ ಕನ್ನಡ ಬರುತ್ತದೆಯೇ ಎಂದು ಬೇರೆ ಕೇಳಬೇಕಾಗಿಲ್ಲ.

ಇಷ್ಟೆಲ್ಲ ಅಳತೆಗೋಲುಗಳಿದ್ದರೂ ಒಂದು ಜಾತಿಯ ವಿದ್ಯಾರ್ಥಿ ಯಾವ ಕೋಲಿಗೂ ಸಿಕ್ಕುವುದಿಲ್ಲ. ಅವನು ಮನೆಮಾತಿನ ವಿದ್ಯಾರ್ಥಿ. ಸೊಸೆಯ ತರಗತಿಯಲ್ಲಿದ್ದ ಹುಡುಗನೊಬ್ಬನ ತಂದೆತಾಯಿ ಮೆಕ್ಸಿಕೋದಿಂದ ಬಂದವರು. ಅವನು ಸ್ಪ್ಯಾನಿಷನ್ನು ನೀರು ಕುಡಿದಂತೆ ಆಡುತ್ತಾನೆ; ಬರೆಯಲು ಕುಳಿತರೆ ಒತ್ತಕ್ಷರದ ಗುರುತು ಎಲ್ಲಿ ಹಾಕಬೇಕೆಂದು ತಿಳಿಯದು. ಪರಭಾಷೆಯ ಪರೀಕ್ಷೆ ಅವನಿಗೆ ಅವನ ತಾಯಿಯ ಮಾತಿನಲ್ಲೇ ತಪ್ಪು ತೋರಿಸುತ್ತದೆ. ಇಂಥವರಿಗಾಗಿ ಅಲ್ಲಿನ ಹಲವು ಕಾಲೇಜುಗಳು ಬೇರೆ ತರಗತಿಗಳನ್ನೇ ಇಟ್ಟಿವೆ.

"ಮಾವ, ನನ್ನ ಕನ್ನಡ ಯಾವ ಮೆಟ್ಟಿಲು, ನೋಡಿ ಹೇಳಿ" ಎಂದು ಸೊಸೆ ಒಂದು ದಿನ ಕೇಳಿದಳು. ಅ ಆ ಇ ಈ ಬಾರದು. ಆದರೆ ಅಜ್ಜಿ ಫೋನಿನಲ್ಲಿ ಬೈದದ್ದನ್ನು ಅಜ್ಜಿಯ ರಾಗದಲ್ಲೇ ಒಪ್ಪಿಸುತ್ತಾಳೆ. 'ಸಾರಿಗೆ ಒಗ್ಗರಣೆ ಹಾಕು' ಎಂದರೆ ಏನೆಂದು ಅವಳಿಗೆ ನಿಘಂಟು ಬೇಡ. ಏಣಿಯ ಎರಡು ಕಾಲು ಎರಡು ಅಂತಸ್ತಿನಲ್ಲಿವೆ. ಮೆಟ್ಟಿಲು ಎಣಿಸುವುದು ಹೇಗೆ?

ದೂರದ ಮಾತೇಕೆ? ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಎಂದು ಎರಡು ಪಾಠಗಳಿವೆ. ಬಿಹಾರದಿಂದಲೋ ಕೇರಳದಿಂದಲೋ ನೆನ್ನೆ ತಾನೆ ಬೆಂಗಳೂರಿಗೆ ಬಂದಿಳಿದ ಹುಡುಗನಿಗೆ ಕನ್ನಡ ಪರಭಾಷೆಯೇ ಸರಿ. ಮೊದಲ ದಿನ ನಾನು ಕೈ ಎತ್ತಿಸುತ್ತೇನೆ. ಮಲ್ಲೇಶ್ವರದಲ್ಲೇ ಹುಟ್ಟಿ ಬೆಳೆದ ಕೆಲವು ಕೈಗಳು ಬಳಕೆ ಕನ್ನಡದ ಕಡೆ ಏಳುತ್ತವೆ. ಸೊಸೆಯ ಗೆಳತಿಯ ಜಾಣತನ ಇಲ್ಲಿಗೂ ಬಂದಿದೆ ಎಂದುಕೊಂಡು, ಅವರಿಗೆ ಕನ್ನಡದಲ್ಲೇ ಒಂದು ಹಾಸ್ಯ ಹೇಳುತ್ತೇನೆ. ನಕ್ಕವರು ಈಚೆ ಬರುತ್ತಾರೆ. ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ತಿಳಿಯದು.

ಆದರೆ ಒಮ್ಮೆ ಅಕ್ಕಲಕೋಟೆಯ ಹುಡುಗನೊಬ್ಬ ಬಂದ. ಸೊಲ್ಲಾಪುರ ಜಿಲ್ಲೆ, ಮಹಾರಾಷ್ಟ್ರದ ಗಡಿ; ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡ ಬಲ್ಲವರು ಯಾರೆಂದಾಗ ಎಲ್ಲರಿಗಿಂತ ಎತ್ತರಕ್ಕೆ ಏರಿದ ಕೈ ಅವನದು. ಆ ವಾರ ನಾನು ಬಾಲ ಕತ್ತರಿಸಿದ ಪದಗಳ ಹಾಳೆಯೊಂದನ್ನು ಹಂಚಿದೆ. ಅವನ ಹಾಳೆ ಖಾಲಿ ಬಂತು. ತರಗತಿ ಮುಗಿದ ಮೇಲೆ ಹತ್ತಿರ ಕರೆದು ಕೇಳಿದೆ. ತಲೆ ತಗ್ಗಿಸಿ, "ಅಕ್ಷರ ಬರೂದಿಲ್ರಿ ಸರ" ಎಂದ. ಅನಂತರ ಅವನೇ, ಬಲು ಮೆಲ್ಲಗೆ, "ಹಂಗಾರ ನನಗ ಕನ್ನಡ ಬರೂದಿಲ್ಲೇನ್ರಿ?" ಎಂದು ಕೇಳಿದ.

ಈ ಪ್ರಶ್ನೆಗೆ ಅಂಕದಲ್ಲಿ ಉತ್ತರವಿಲ್ಲ. ಅದೇ ಹಾಳೆಯನ್ನು ನಾನು ಗಟ್ಟಿಯಾಗಿ ಓದಿದೆ, ಕತ್ತರಿಸಿದಲ್ಲಿ ನಿಲ್ಲಿಸುತ್ತ. ಅವನು ಬಾಯಲ್ಲೇ ತುಂಬುತ್ತ ಹೋದ. ಒಂದೂ ತಪ್ಪಲಿಲ್ಲ, ನಾನು 'ಮಕ್ಕ' ಎಂದು ನಿಂತಲ್ಲಿ ಅವನು 'ಮಕ್ಕಳಿಗಿ' ಎಂದ, ಅಷ್ಟೆ. ಅವನನ್ನು 'ಬಾರದವರ' ಕಡೆ ಕಳುಹಿಸಿದ್ದರೆ, ಮಾರುಕಟ್ಟೆಯಲ್ಲಿ ತರಕಾರಿಗೆ ಬೆಲೆ ಕೇಳುವ ಬಗೆಯನ್ನು ಅವನಿಗೆ ಕಲಿಸಬೇಕಾಗುತ್ತಿತ್ತು. ಚೌಕಾಶಿಯಲ್ಲಿ ಅವನು ನನಗೇ ಗುರುವಾಗಬಲ್ಲವನು. 'ಬಲ್ಲವರ' ನಡುವೆ ಸುಮ್ಮನೆ ಬಿಟ್ಟಿದ್ದರೆ ಹಿಂದಿನ ಬೆಂಚಿನಲ್ಲಿ ಮೂಗನಾಗುತ್ತಿದ್ದ. ಅವನಿಗೆ ಬೇಕಾಗಿದ್ದುದು ಅಕ್ಷರ ಮಾತ್ರ. ದೇವನಾಗರಿಯ ಕ ಖ ಗ ಘ ಅವನಿಗೆ ಗೊತ್ತಿತ್ತು. ನಮ್ಮದೂ ಅದೇ ಸಾಲು, ಅಂಗಿ ಬೇರೆ. ಸಾಂಸ್ಕೃತಿಕ ಕನ್ನಡದಲ್ಲೇ ಉಳಿಸಿಕೊಂಡು, ಸಂಜೆ ಅರ್ಧ ಗಂಟೆ ಕೂರಿಸಿಕೊಂಡೆ.

ಪರೀಕ್ಷೆಗೆ ನಿಜವಾದ ಕೆಲಸ ಇದೇ ಅಲ್ಲವೆ ಎಂದು ಆಗಿನಿಂದ ನನಗೆ ಅನ್ನಿಸುತ್ತಿದೆ. ದಾರಿ ಕೇಳಿದವನನ್ನು 'ಈಗ ಎಲ್ಲಿದ್ದೀರಿ?' ಎಂದು ಕೇಳಿದರೆ ಅದು ಅವಮಾನವಲ್ಲ. ಅದನ್ನು ಕೇಳದೆ ದಾರಿ ಹೇಳುವುದು ಸಾಧ್ಯವೂ ಅಲ್ಲ. ಕೇಳಿದ ಮೇಲೆ ನಾಲ್ಕು ಹೆಜ್ಜೆ ಜೊತೆಗೆ ಬರುವವರಿರಬೇಕು, ಅಷ್ಟೆ. ಅವರಿಲ್ಲದಿದ್ದರೆ ಎಂಥ ನಯವಾದ ಅಳತೆಗೋಲೂ ಯೊರ್ದನ್ನಿನ ಕಡವಿನಲ್ಲಿ ನಿಂತ ಕಾವಲುಗಾರನೇ.

ಎರಡು ತಿಂಗಳ ಮೇಲೆ ಆ ಹುಡುಗ ಊರಿನ ಜಾತ್ರೆಗೆಂದು ರಜೆಯ ಅರ್ಜಿ ತಂದ. ಇಡೀ ಅರ್ಜಿ ಕನ್ನಡದಲ್ಲಿತ್ತು. ಅಕ್ಷರಗಳು ದಪ್ಪದಪ್ಪಗೆ ಒಂದರ ಕೈ ಒಂದು ಹಿಡಿದುಕೊಂಡು ನಿಂತಿದ್ದವು. ಎರಡು ಕಡೆ ದೀರ್ಘ ತಪ್ಪಿತ್ತು. ತಿದ್ದಿಕೊಟ್ಟು, ರಜೆಗೆ ಶಿಫಾರಸು ಮಾಡಿದೆ.