ಐದನೆಯ ವಾಕ್ಯ

ಆರನೇ ತರಗತಿಯ ಮಗಳಿಗೆ ಕಳೆದ ತಿಂಗಳು ಶಾಲೆಯಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ದರು. ‘ಮಲ್ಟಿಕಲ್ಚರಲ್’ ಎಂಬ ಪದವನ್ನು ಉಪಯೋಗಿಸಿ ಐದು ಇಂಗ್ಲಿಷ್ ವಾಕ್ಯ ಬರೆಯಬೇಕು, ದಿನನಿತ್ಯ ಮಾತನಾಡುವಂಥ ವಾಕ್ಯಗಳೇ ಆಗಬೇಕು. ನಾವಿರುವುದು ಶಾರ್ಜಾದಲ್ಲಿ. ಇಲ್ಲಿ ಈ ಪದಕ್ಕೆ ಬರವಿಲ್ಲ. ಮಾಲ್‌ನ ಜಾಹೀರಾತಿನಿಂದ ಹಿಡಿದು ಕಂಪೆನಿಯ ಸಂದರ್ಶನದವರೆಗೆ ಎಲ್ಲ ಕಡೆಯೂ ಇದೆ. ನನ್ನ ಬಯೋಡೇಟಾದಲ್ಲೂ ‘ಮಲ್ಟಿಕಲ್ಚರಲ್ ಟೀಮ್’ನಲ್ಲಿ ದುಡಿದ ಅನುಭವ ಇದೆಯೆಂದು ಬರೆದುಕೊಂಡಿದ್ದೇನೆ.

ಮಗಳು ನಾಲ್ಕು ವಾಕ್ಯ ಬೇಗ ಮುಗಿಸಿದಳು. ದುಬೈ ಈಸ್ ಎ ಮಲ್ಟಿಕಲ್ಚರಲ್ ಸಿಟಿ. ಕೆನಡಾ ಈಸ್ ಎ ಮಲ್ಟಿಕಲ್ಚರಲ್ ಕಂಟ್ರಿ. ಅವರ್ ಸ್ಕೂಲ್ ಹ್ಯಾಡ್ ಎ ಮಲ್ಟಿಕಲ್ಚರಲ್ ಫುಡ್ ಫೆಸ್ಟಿವಲ್. ನಾಲ್ಕನೆಯದು ಅವಳ ಕ್ಲಾಸಿನ ಬಗ್ಗೆ. ಐದನೆಯದಕ್ಕೆ ಪೆನ್ಸಿಲ್ ಕಚ್ಚಿ ಸ್ವಲ್ಪ ಹೊತ್ತು ಕೂತು, ಬರೆದಳು: ಮೈ ಗ್ರಾಂಡ್‌ಮದರ್ ಈಸ್ ಮಲ್ಟಿಕಲ್ಚರಲ್.

ಎರಡು ದಿನ ಕಳೆದು ನೋಟ್‌ಬುಕ್ ವಾಪಸ್ ಬಂತು. ನಾಲ್ಕಕ್ಕೆ ಟಿಕ್. ಐದನೆಯದಕ್ಕೆ ಕೆಂಪು ಗೆರೆ. ಪಕ್ಕದಲ್ಲಿ, ಇದು ಒಬ್ಬ ವ್ಯಕ್ತಿಗೆ ಹೇಳುವ ಪದವಲ್ಲ, ಬೇರೆ ವಾಕ್ಯ ಬರೆ ಎಂದು ಟೀಚರ್ ಸೂಚನೆ.

ಮಗಳು ಅಳುವುದೊಂದು ಬಾಕಿ. “ಬಲ್ಯುಮ್ಮನಿಗೆ ಅಷ್ಟು ಭಾಷೆ ಬರ್ತದಲ್ಲ” ಎಂದು ಇಂಗ್ಲಿಷಿನಲ್ಲಿ ವಾದ ಹೂಡಿದಳು. ನಾನು ಟೀಚರ ಪರ ವಹಿಸಿದೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಊರು, ದೇಶ, ಸಮಾಜ, ತರಗತಿ, ಹಬ್ಬ ಇಂಥವುಗಳ ಹಿಂದೆಯೇ ಆ ವಿಶೇಷಣ ಸಾಮಾನ್ಯವಾಗಿ ಕೂರುವುದು. ಹಲವು ಭಾಷೆ ಬಲ್ಲ ಒಬ್ಬರಿಗಾದರೆ ‘ಮಲ್ಟಿಲಿಂಗ್ವಲ್’ ಅನ್ನಬೇಕು. ಕೆನಡಾ 1971ರಲ್ಲಿ ಬಹುಸಂಸ್ಕೃತಿಯನ್ನು ಸರಕಾರದ ನೀತಿಯೆಂದು ಘೋಷಿಸಿತು, 1988ರಲ್ಲಿ ಅದಕ್ಕೊಂದು ಕಾನೂನೂ ಮಾಡಿತು. ಹಾಗೆ ಸರಕಾರದ ಕಾಗದಗಳಲ್ಲಿ ಓಡಾಡಿ ಬೆಳೆದ ಪದ ಇದು. ಅದನ್ನು ತಂದು ಉಪ್ಪಳದ ನನ್ನ ಉಮ್ಮನ ಹೆಗಲ ಮೇಲೆ ಹಾಕಿದರೆ ಒಂದಿಷ್ಟು ಸಡಿಲವಾಗಿಯೇ ಕಾಣುತ್ತದೆ. ಹೀಗೆಲ್ಲ ಮಗಳಿಗೆ ಹೇಳಿ ಮುಗಿಸಿದೆ. ಆದರೆ ಆ ಕೆಂಪು ಗೆರೆ ನನ್ನನ್ನು ಬಿಡಲಿಲ್ಲ.

ನಮ್ಮ ಕಾಸರಗೋಡಿಗೆ ‘ಸಪ್ತಭಾಷಾ ಸಂಗಮ ಭೂಮಿ’ ಎಂಬ ಬಿರುದು ಇರುವುದು ನಿಮಗೆಲ್ಲ ಗೊತ್ತು. ಯಾವ ಕಾರ್ಯಕ್ರಮಕ್ಕೆ ಹೋದರೂ ಸ್ವಾಗತ ಭಾಷಣದಲ್ಲಿ ಅದು ಒಮ್ಮೆ ಬಂದೇ ಬರುತ್ತದೆ. ಮನೆಮಾತು ಕೊಂಕಣಿಯಾಗಿದ್ದ ಮಂಜೇಶ್ವರದ ಗೋವಿಂದ ಪೈಗಳು, ತುಳುವಿನ ಕಯ್ಯಾರ ಕಿಞ್ಞಣ್ಣ ರೈಗಳು, ಮಲಯಾಳದ ಮನೆಯಿಂದ ಬಂದ ಸಾರಾ ಅಬೂಬಕ್ಕರ್ ಎಲ್ಲರೂ ಕನ್ನಡದಲ್ಲಿ ಬರೆದ ನೆಲ ಅದು. ಹೆಮ್ಮೆ ಪಡಬೇಕಾದದ್ದೇ. ಆದರೆ ಉಮ್ಮ ಅಷ್ಟು ಭಾಷೆ ಕಲಿತದ್ದು ಸಂಗಮದ ಸಂತೋಷಕ್ಕಲ್ಲ.

ಉಮ್ಮ ಬೀಡಿ ಕಟ್ಟುತ್ತಿದ್ದರು. ನಾನು ಸಣ್ಣವನಿದ್ದಾಗ ಬೀಡಿಯ ಬುಟ್ಟಿ ಹಿಡಿದುಕೊಂಡು ಅವರ ಜೊತೆ ಬ್ರಾಂಚಿಗೆ ಹೋಗುತ್ತಿದ್ದೆ. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಸಾವಿರ. ಬ್ರಾಂಚಿನವರು ಲೆಕ್ಕ ಹಾಕುವುದು ತುಳುವಿನಲ್ಲಿ, ಅದೂ ಬಾಯಲ್ಲಿ ಗುಣುಗುಣು ಎಂದು. ಸರಿಯಿಲ್ಲವೆಂದು ಪಕ್ಕಕ್ಕೆ ಎತ್ತಿಡುವ ಬೀಡಿ ಎಷ್ಟು ಎಂಬುದೂ ಆ ಗುಣುಗುಣುವಿನ ಒಳಗೇ. ಮದುವೆಯಾಗಿ ಬಂದ ಹೊಸದರಲ್ಲಿ ಉಮ್ಮನಿಗೆ ಅದು ಅರ್ಥವಾಗದೆ ಕೊಟ್ಟಷ್ಟು ದುಡ್ಡು ಹಿಡಿದುಕೊಂಡು ಬರುತ್ತಿದ್ದರಂತೆ. ಆಮೇಲೆ ಪಕ್ಕದ ಮನೆಯ ಹೆಂಗಸಿನ ಹತ್ತಿರ ಒಂಜಿ, ರಡ್ಡ್, ಮೂಜಿ ಎಂದು ನೂರರವರೆಗೆ ಬಾಯಿಪಾಠ ಮಾಡಿದರು. ಅವರು ಮೊದಲು ಕಲಿತ ತುಳು ಆ ಲೆಕ್ಕ. ಮೀನಿನವಳ ಜೊತೆ ಚೌಕಾಸಿ ಮಾಡುವ ತುಳು ಆಮೇಲೆ ಬಂತು.

ಕನ್ನಡ ಬಂದದ್ದು ನನ್ನಿಂದ. ನಾನು ಕನ್ನಡ ಮೀಡಿಯಂ, ಮಾಷ್ಟ್ರು ಕರೆಸಿದರೆ ಮಾತಾಡಬೇಕಲ್ಲ. 1956ರಲ್ಲಿ ಊರು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಕಾಗದವೆಲ್ಲ ನಿಧಾನಕ್ಕೆ ಮಲಯಾಳವಾಯಿತು. ಹಾಗಾಗಿ ಆಸ್ಪತ್ರೆಗೆ, ರೇಷನ್ ಕಾರ್ಡಿಗೆ ಮಲಯಾಳ. ಉಪ್ಪಳದ ಹನಫಿ ಮನೆಗಳಲ್ಲಿ ಉರ್ದು. ಅಲ್ಲಿನ ಗೆಳತಿಯೊಬ್ಬರ ಜೊತೆ ಹರಟೆ ಹೊಡೆಯಲೆಂದೇ ಅದನ್ನು ಕಲಿತರು. ಉಮ್ಮ ಇಷ್ಟಪಟ್ಟು ಕಲಿತ ಭಾಷೆ ಬಹುಶಃ ಇದೊಂದೇ. ಜೀನಸಿನ ಅಂಗಡಿಯವರ ಕೊಂಕಣಿ ಅರ್ಥವಾಗುತ್ತದೆ, ಆಡಲು ಬಾರದು. ಅರ್ಥವಾಗುತ್ತದೆ ಎಂಬುದನ್ನು ಅಂಗಡಿಯವರಿಗೆ ಇವತ್ತಿನವರೆಗೂ ಹೇಳಿಲ್ಲ.

ನಾನು ಇದಕ್ಕೆ ತಿರುಗಿ ಏನು ಮಾಡಿದೆ ಎಂಬುದನ್ನೂ ಹೇಳಬೇಕು. ಶಾಲೆಯಲ್ಲಿ ನಮ್ಮ ಭಾಷೆಯನ್ನು ‘ನಕ್ಕ್ ನಿಕ್ಕ್’ ಎಂದು ಹಾಸ್ಯ ಮಾಡುತ್ತಿದ್ದ ಕಾಲ ಅದು. ಮೈದಾನದಲ್ಲಿ ಉಮ್ಮ ಗೇಟಿನ ಹೊರಗಿನಿಂದ ಬ್ಯಾರಿಯಲ್ಲಿ ಕರೆದರೆ ಕೇಳಿಸಲಿಲ್ಲ ಎಂಬಂತೆ ನಿಲ್ಲುತ್ತಿದ್ದೆ. ಈಗ ಬ್ಯಾರಿಗೆ ಅಕಾಡೆಮಿ ಇದೆ, 2011ರ ‘ಬ್ಯಾರಿ’ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ, ಅಕ್ಟೋಬರ್ 3ಕ್ಕೆ ಬ್ಯಾರಿ ಭಾಷಾ ದಿನವೆಂದು ನಾನೂ ಸ್ಟೇಟಸ್ ಹಾಕುತ್ತೇನೆ. ಆದರೆ ಮಗಳನ್ನು ಇಲ್ಲಿ ಶಾಲೆಗೆ ಸೇರಿಸುವಾಗ ಫಾರ್ಮಿನಲ್ಲಿ ಮಾತೃಭಾಷೆಯ ಕಾಲಂ ಬಂತು. ಬ್ಯಾರಿ ಎಂದೆ. ಕೌಂಟರಿನಲ್ಲಿದ್ದವರು, “ಅದು ಎಂತದು, ಮಲಯಾಳಂ ಅಲ್ಲವಾ?” ಎಂದರು. ನನ್ನ ಹಿಂದೆ ಕ್ಯೂ ಇತ್ತು. ವಿವರಿಸಲು ಹೋದರೆ ತುಳು ಹೇಳಬೇಕು, ಕನ್ನಡ ಹೇಳಬೇಕು, ಗಡಿ ಹೇಳಬೇಕು. ‘ಕನ್ನಡ’ ಎಂದು ಬರೆದು ಸಹಿ ಹಾಕಿದೆ. ಮಗಳಿಗೆ ಆ ಕನ್ನಡವೂ ಸರಿಯಾಗಿ ಬರುವುದಿಲ್ಲ. ಬ್ಯಾರಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಬಲ್ಯುಮ್ಮನಿಗೆ ಬಾರದ ಭಾಷೆ ಅದೊಂದೇ.

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಪೇಶಾವರದವರು, ಢಾಕಾದವರು, ಮನಿಲಾದವರು, ಕಣ್ಣೂರಿನವರು ಎಲ್ಲರೂ ಸಿಗುತ್ತಾರೆ. ಹಲೋ ಅನ್ನುತ್ತೇವೆ. ಹನ್ನೊಂದು ವರ್ಷದಲ್ಲಿ ನಾನು ಅವರ ಯಾರ ಭಾಷೆಯಲ್ಲೂ ಹತ್ತರವರೆಗೆ ಎಣಿಸಲು ಕಲಿತಿಲ್ಲ. ಕಲಿಯುವ ಅಗತ್ಯವೇ ಬೀಳಲಿಲ್ಲ ಅನ್ನಿ.

ಶುಕ್ರವಾರ ಎಂದಿನಂತೆ ಉಮ್ಮನಿಗೆ ವೀಡಿಯೋ ಕಾಲ್ ಮಾಡಿದೆವು. ಮಗಳು ಕೆಂಪು ಗೆರೆಯ ಪುಟವನ್ನು ಫೋನಿಗೆ ಅಡ್ಡ ಹಿಡಿದಳು. ನಾನು ಬ್ಯಾರಿಯಲ್ಲಿ ವಿವರಿಸಲು ಹೊರಟೆ, ‘ಮಲ್ಟಿಕಲ್ಚರಲ್’ಗೆ ಪದ ಸಿಗದೆ ಎಷ್ಟೋ ಜಾತಿ, ಎಷ್ಟೋ ಭಾಷೆ ಒಟ್ಟಿಗೆ ಇರುವುದು ಎಂದೇನೋ ಹೇಳಿದೆ. ಉಮ್ಮನಿಗೆ ಅದರಲ್ಲಿ ಏನೂ ಸ್ವಾರಸ್ಯ ಕಾಣಲಿಲ್ಲ. “ಅದಕ್ಕೆ ಮಗುವಿಗೆ ಯಾಕೆ ತಪ್ಪು ಹಾಕಿದ್ದು?” ಎಂದರು.

“ಬಲ್ಯುಮ್ಮ, ನಿಮಗೆ ಎಷ್ಟು ಭಾಷೆ ಬರ್ತದೆ ಅಂತ ಕೇಳ್ತಿದ್ದಾಳೆ” ಎಂದೆ.

ಉಮ್ಮ ಬೆರಳು ಮಡಚಿದರು. ತುಳು, ಒಂಜಿ. ಕನ್ನಡ, ರಡ್ಡ್. ಮಲಯಾಳ, ಮೂಜಿ. ಉರ್ದು, ನಾಲ್. ಕೊಂಕಣಿಗೆ ಬೆರಳನ್ನು ಅರ್ಧ ಮಡಚಿ ಬಿಟ್ಟರು. ಲೆಕ್ಕ ಅಂದರೆ ಅವರಿಗೆ ಇವತ್ತಿಗೂ ಬ್ರಾಂಚಿನ ತುಳುವೇ.

ಮಗಳು ಕೇಳಿದಳು, “ಆಂಡ್ ಬ್ಯಾರಿ?”

ಬ್ಯಾರಿ ಎಂಬ ಶಬ್ದ ಮಾತ್ರ ಉಮ್ಮನಿಗೆ ತಿಳಿಯಿತು. ನಕ್ಕರು. “ಅದನ್ನು ಎಣಿಸ್ಲಿಕ್ಕೆ ಉಂಟಾ ಮೋಲೇ, ಅದು ನಮ್ಮ ಮಾತಲ್ವಾ.”

ನನಗೆ ಆ ಫಾರ್ಮಿನ ಕಾಲಂ ಕಣ್ಣೆದುರು ಬಂತು. ಏನೂ ಹೇಳಲಿಲ್ಲ.

ತಿದ್ದುಪಡಿಯ ಜಾಗದಲ್ಲಿ ಮಗಳು ‘ಉಪ್ಪಳ ಈಸ್ ಎ ಮಲ್ಟಿಕಲ್ಚರಲ್ ಟೌನ್’ ಎಂದು ಬರೆದಳು. ಅದಕ್ಕೆ ಟಿಕ್ ಸಿಕ್ಕಿದೆ. ಕೆಂಪು ಗೆರೆಯ ವಾಕ್ಯವನ್ನು ಅಳಿಸಿಲ್ಲ. ಈಗ ಶುಕ್ರವಾರದ ಕಾಲ್‌ನಲ್ಲಿ ಅವಳಿಗೆ ಲೆಕ್ಕದ ಪಾಠ. ‘ಐನ್’ವರೆಗೆ ಬಂದಿದೆ. ಪ್ರತಿ ಸಲವೂ ‘ಮೂಚಿ’ ಅನ್ನುತ್ತಾಳೆ, ಉಮ್ಮ ಫೋನಿನ ಹತ್ತಿರಕ್ಕೆ ಮುಖ ತಂದು ‘ಮೂಜಿ, ಮೂಜಿ’ ಎಂದು ತಿದ್ದುತ್ತಾರೆ.