ಮಾರ್ಚ್ ಒಂದರ ಹಾಜರಿ

2023ರ ಮಾರ್ಚ್ 1, ಬುಧವಾರ. ಅವತ್ತು ನಾನು ಶಾಲೆಗೆ ಹೋಗಲಿಲ್ಲ. ಏಳನೇ ವೇತನ ಆಯೋಗದ ವರದಿಗೆ ಕಾಯದೆ ಮಧ್ಯಂತರ ಪರಿಹಾರ ಕೊಡಿ, ಹಳೇ ಪಿಂಚಣಿ ವಾಪಸ್ ಕೊಡಿ ಅಂತ ರಾಜ್ಯದ ಸರ್ಕಾರಿ ನೌಕರರೆಲ್ಲ ಮುಷ್ಕರ ಹೂಡಿದ್ದ ದಿನ. ನಮ್ಮ ಶಾಲೆಯ ಮೂವರು ಕಾಯಂ ಶಿಕ್ಷಕರೂ ಹಿಂದಿನ ದಿನವೇ ಮಾತಾಡಿಕೊಂಡಿದ್ದೆವು.

ವಿಜಯನಗರದ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಕಾಫಿ ಲೋಟ ಹಿಡಿದು ಕೂತಿದ್ದು ನನಗೇ ವಿಚಿತ್ರ ಅನ್ನಿಸಿತು. ಮಿಕ್ಕ ದಿನ ಆ ಹೊತ್ತಿಗೆ ಮಾಗಡಿ ರೋಡ್ ಟೋಲ್‌ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿರುತ್ತಿದ್ದೆ. ಸುಂಕದಕಟ್ಟೆ, ತಾವರೆಕೆರೆ ದಾಟಿ ಮಾಗಡಿ, ಅಲ್ಲಿಂದ ಷೇರ್ ಆಟೊ, ಆಟೊ ಇಳಿದ ಮೇಲೆ ಒಂದೂವರೆ ಕಿಲೋಮೀಟರು ನಡಿಗೆ. ಊರಲ್ಲೇ ಮನೆ ಮಾಡಬಾರದಾ ಅಂತ ಕೇಳುವವರು ಬಹಳ. ಯಜಮಾನರ ಕೆಲಸ ಇಲ್ಲಿ, ಮಗಳ ಕಾಲೇಜು ಇಲ್ಲಿ, ಅತ್ತೆಯ ಔಷಧಿ ಇಲ್ಲಿ. ಆದರೆ ಮನೆ ಬಾಡಿಗೆ ಭತ್ಯೆ ನಾವಿರುವ ಊರು ನೋಡಿ ಬರುವುದಿಲ್ಲ, ಶಾಲೆ ಇರುವ ಊರು ನೋಡಿ ಬರುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ಆಗ ಮೂಲ ವೇತನದ ಶೇ. 24, ಹಳ್ಳಿಯವರಿಗೆ ಶೇ. 8. ನನ್ನ ಮೂಲ ವೇತನ 37,900. ಅಂದರೆ ಕೈಗೆ ಬರುತ್ತಿದ್ದದ್ದು 3,032 ರೂಪಾಯಿ. ಇದೇ ಪಾಠ ರಾಜಾಜಿನಗರದಲ್ಲಿ ಮಾಡಿದ್ದರೆ 9,096. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಜನ ಹಳ್ಳಿಗಳ ‘ಸಿ’ ವಲಯದಿಂದ ಪಟ್ಟಣಗಳ ‘ಎ’ ವಲಯಕ್ಕೆ ಬರಲು ಯಾಕೆ ಅಷ್ಟು ಒದ್ದಾಡುತ್ತಾರೆ ಅನ್ನುವುದಕ್ಕೆ ಈ ಎರಡು ಅಂಕಿ ಸಾಕು. ನಾನು ಸೇರಿದ್ದು 2007ರಲ್ಲಿ. 2006ರ ಏಪ್ರಿಲ್ ಒಂದರಿಂದ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ. ತಿಂಗಳು ತಿಂಗಳು ಸಂಬಳದಲ್ಲಿ ನೂರಕ್ಕೆ ಹತ್ತು ಮುರಿದುಕೊಂಡು ಷೇರುಪೇಟೆ ನಂಬಿದ ಎನ್‌ಪಿಎಸ್‌ಗೆ ಹಾಕುತ್ತಾರೆ. ನಮ್ಮ ಬೇಡಿಕೆ ನ್ಯಾಯವಾದದ್ದೇ. ಈಗಲೂ ಹಾಗೇ ಹೇಳುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಟಿವಿಯಲ್ಲಿ ಸುದ್ದಿ ಬಂತು. ಮೂಲ ವೇತನದ ಶೇ. 17 ಮಧ್ಯಂತರ ಪರಿಹಾರ, ಏಪ್ರಿಲ್‌ನಿಂದ ಜಾರಿ, ಮುಷ್ಕರ ವಾಪಸ್. ಮಗಳು ಕೇಕೆ ಹಾಕಿದಳು. ಕೈಗೆ ಸಿಕ್ಕ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಗುಣಿಸಿದೆ: 6,443.

ಸಂಜೆ ಐದರ ಸುಮಾರಿಗೆ ನಮ್ಮ ಅತಿಥಿ ಶಿಕ್ಷಕಿಯ ಫೋನು. ಅದೇ ಊರಿನ ಹುಡುಗಿ, ಡಿ.ಎಡ್. ಮಾಡಿದವಳು, ವಯಸ್ಸು ಇಪ್ಪತ್ತಾರು. ಒಂದರಿಂದ ಮೂರನೇ ತರಗತಿ ನಲಿ-ಕಲಿ ಪೂರ್ತಿ ಅವಳ ತಲೆಯ ಮೇಲೇ ಇತ್ತು.

“ಮೇಡಂ, ಇವತ್ತು ಸ್ಕೂಲ್ ತೆಗೆದಿದ್ದೆ. ಬೈಬೇಡಿ.”

“ಬೀಗದ ಕೈ ಎಲ್ಲಿತ್ತಮ್ಮ?”

“ಅಡುಗೆ ಅಮ್ಮನ ಹತ್ರ. ಮಕ್ಕಳು ಒಂಬತ್ತಕ್ಕೇ ಬಂದು ಗೇಟ್ ಹತ್ರ ಕೂತಿದ್ವು ಮೇಡಂ. ವಾಪಸ್ ಕಳಿಸೋಕೆ ಮನಸ್ಸಾಗ್ಲಿಲ್ಲ. ಹಾಲು ಕಾಯಿಸಿ ಕೊಟ್ವಿ, ಮಧ್ಯಾಹ್ನ ಅನ್ನ ಸಾಂಬಾರ್. ನಲವತ್ತೊಂದು ಮಕ್ಕಳು. ನಿಮ್ಮ ಐದನೇ ಕ್ಲಾಸಿನೋರಿಗೂ ಮಗ್ಗಿ ಹೇಳಿಸಿದೆ.” ಆಮೇಲೆ ದನಿ ಏರಿಸಿ, “ಇನ್ನೊಂದು ಗೊತ್ತಾ? ಆ ಕುರಿ ಕಾಯೋರ ಮಗು ಇವತ್ತು ಒತ್ತಕ್ಷರ ಓದಿದ್ಲು. ‘ಅಜ್ಜಿ’ ಅಂತ. ಎರಡು ಸಲ ಓದಿದ್ಲು.”

ಮೂರನೇ ತರಗತಿಯ ಆ ಮಗು ಜೂನ್‌ನಿಂದ ಬರೀ ಕಾಗುಣಿತದಲ್ಲೇ ನಿಂತಿತ್ತು. ಅದರ ಹಿಂದೆ ಇವಳು ಎಷ್ಟು ಓಡಾಡಿದ್ದಳು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೆ.

ಕೊನೆಗೆ ಕೇಳಿದಳು, “ಟಿವೀಲಿ ನೋಡ್ದೆ ಮೇಡಂ. ನಿಮಗೆಷ್ಟು ಜಾಸ್ತಿ ಆಯ್ತು?”

ಅವಳ ದನಿಯಲ್ಲಿ ಹೊಟ್ಟೆಕಿಚ್ಚಿನ ಎಳೆಯೂ ಇರಲಿಲ್ಲ. ಮನೆಯವರಿಗೆ ಒಳ್ಳೆಯದಾದರೆ ಕೇಳುವ ಹಾಗೆ ಕೇಳಿದಳು. ಅವಳ ಗೌರವಧನ ತಿಂಗಳಿಗೆ ಹತ್ತು ಸಾವಿರ, ಅದೂ ಹಿಂದಿನ ವರ್ಷವಷ್ಟೇ ಏಳೂವರೆಯಿಂದ ಏರಿದ್ದು. ಬೇಸಿಗೆ ರಜೆಗೆ ದುಡ್ಡಿಲ್ಲ. ಪಿಎಫ್ ಇಲ್ಲ, ಹೆರಿಗೆ ರಜೆ ಇಲ್ಲ. ಆ ಹತ್ತು ಸಾವಿರವೂ ನವೆಂಬರ್‌ನಿಂದ ಬಂದಿರಲಿಲ್ಲ. ಬಿಲ್ಲು ಎಲ್ಲೋ ನಿಂತಿತ್ತು. ನನ್ನ ಒಂದು ಏರಿಕೆಯೇ ಅವಳ ತಿಂಗಳ ದುಡಿಮೆಯ ಮೂರನೇ ಎರಡು ಭಾಗಕ್ಕೆ ಹತ್ತಿರ. ಕರೆಂಟ್ ಬಿಲ್ಲಿನ ಹಿಂದೆ ಬರೆದ ಅಂಕಿ ಕಣ್ಣೆದುರಿಗೇ ಇತ್ತು. “ಇನ್ನೂ ಲೆಕ್ಕ ಹಾಕಿಲ್ಲ ಕಣಮ್ಮ” ಅಂದೆ. ಹದಿನಾರು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಕಲಿಸಿದವಳು ನಾನು.

ಮಾರನೇ ದಿನ ಶಾಲೆಗೆ ಹೋಗಿ ಶಿಕ್ಷಕರ ಹಾಜರಿ ಪುಸ್ತಕ ತೆಗೆದೆ. ಮಾರ್ಚ್ ಒಂದರ ಕಾಲಮ್ಮಿನಲ್ಲಿ ನಮ್ಮ ಮೂವರ ಹೆಸರಿನ ಮುಂದೆ ಖಾಲಿ. ಅವಳ ಹೆಸರು ಆ ಪುಸ್ತಕದಲ್ಲಿ ಇರಲೇ ಇಲ್ಲ. ನಮ್ಮಲ್ಲಿ ಅತಿಥಿಗಳ ಸಹಿಗೆ ಬೇರೆಯೇ ನೋಟ್‌ಬುಕ್ಕು, ಮಕ್ಕಳು ಬರೆಯುವಂಥದ್ದೇ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದದ್ದು. ಅದರಲ್ಲಿ ಆ ತಾರೀಖಿಗೆ ಅವಳ ಸಹಿ ಇತ್ತು, ಪಕ್ಕದಲ್ಲಿ 9.10 ಅಂತ ಸಮಯ.

ಅವಳಿಗೆ ದುಡ್ಡು ಬಂದದ್ದು ಏಪ್ರಿಲ್ ಕೊನೆಗೆ. ಜೂನ್‌ನಲ್ಲಿ ಹೊಸದಾಗಿ ಅರ್ಜಿ ಕರೆದರು, ವರ್ಷ ವರ್ಷವೂ ಹಾಗೆಯೇ. ಮೆರಿಟ್ಟಿನಲ್ಲಿ ಅವಳಿಗಿಂತ ಎರಡು ಪರ್ಸೆಂಟ್ ಹೆಚ್ಚಿದ್ದವರು ಬಂದರು. ಅವಳು ಹೋದಳು.

ಆಮೇಲೆ ನನಗೆ ಏಳನೇ ಆಯೋಗದ ಸಂಬಳವೂ ಬಂತು, 2024ರ ಆಗಸ್ಟ್‌ನಿಂದ. 2025ರ ಬಜೆಟ್ಟಿನಲ್ಲಿ ಅತಿಥಿ ಶಿಕ್ಷಕರಿಗೆ ಎರಡು ಸಾವಿರ ಹೆಚ್ಚಿಸಿದರು. ಆ ವರ್ಷವೇ ಒಂದು ಶನಿವಾರ ಸಂಬಂಧಿಕರೊಬ್ಬರನ್ನು ನೋಡಲು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಿದ್ದೆ. ಔಷಧಿ ಕೊಡುವ ಕಿಟಕಿಯ ಸಾಲಿನಿಂದ “ಮೇಡಂ” ಅಂತ ಯಾರೋ ಕೂಗಿದರು. ಅವಳೇ. ಪಕ್ಕದ ಬೆಂಚಿನಲ್ಲಿ ಅವಳ ತಾಯಿ, ಮಂಡಿಗೆ ಪಟ್ಟಿ ಕಟ್ಟಿಕೊಂಡು. ಮಾಗಡಿ ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸವಂತೆ. ಕೊರಳಲ್ಲಿ ಐಡಿ ಕಾರ್ಡು, ಬೆರಳ ತುದಿಯಲ್ಲಿ ನೀಲಿ ಚಾಕ್‌ನ ಗುರುತು.

“ಇಲ್ಲಿ ಪಿಎಫ್ ಇದೆ, ಇಎಸ್‌ಐ ಇದೆ ಮೇಡಂ. ಅಮ್ಮಂಗೂ ಇದೇ ಕಾರ್ಡಲ್ಲಿ ನೋಡ್ತಾರೆ. ಏಳನೇ ತಾರೀಕು ಅಂದ್ರೆ ಏಳನೇ ತಾರೀಕು ದುಡ್ಡು ಬೀಳುತ್ತೆ.”

ಒಳ್ಳೆಯದಾಯಿತು ಅಂದೆ. ನಿಜವಾಗಿಯೂ ಒಳ್ಳೆಯದಾಗಿತ್ತು, ಅದೇ ನನಗೆ ತಡೆಯಲಾಗದ್ದು. ಸಾಲು ಮುಂದೆ ಸರಿಯಿತು. ಅವಳು ಚೀಟಿ ಹಿಡಿದು ಕಿಟಕಿಯವರೆಗೆ ಹೋದವಳು ಮತ್ತೆ ತಿರುಗಿ ಕೇಳಿದಳು:

“ಆ ಮಗು ಈಗ ಐದನೇ ಕ್ಲಾಸ್ ಅಲ್ವಾ ಮೇಡಂ? ಸಲೀಸಾಗಿ ಓದ್ತಾಳಾ?”