ಹೊಸ ಲೋಕದ ಮೊದಲ ಹೊಸ್ತಿಲು

ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು, ಈಗ ಆಂಡರ್ಸನ್‌ಪೇಟೆಯ ಮನೆಯ ಜಗುಲಿಯಲ್ಲಿ ವಿಶ್ರಾಂತಿಯಿಂದಿರುವ ನನಗೆ, ಅರವತ್ತನೆಯ ವಯಸ್ಸಿನಲ್ಲಿ ಒಂದು ಆಟವನ್ನು ಕಲಿಯುವ ಯೋಗವು ಒದಗಿತು. ಕಲಿಸಿದ ಗುರುವು ಹನ್ನೆರಡು ವರ್ಷದ ಮೊಮ್ಮಗ. ಬೇಸಗೆಯ ರಜಕ್ಕೆಂದು ಬೆಂಗಳೂರಿನಿಂದ ಮಾರಿಕುಪ್ಪಂ ರೈಲಿನಲ್ಲಿ ಬಂದಿಳಿದವನು ಒಂದು ಸಣ್ಣ ಚೀಲವನ್ನು ಎದೆಗವಚಿಕೊಂಡಿದ್ದನು. ಬಿಚ್ಚಿ ನೋಡಿದರೆ ದಾಳಗಳು! ನಾಲ್ಕು ಮುಖದ್ದು, ಆರು ಮುಖದ್ದು, ಎಂಟರದು, ಹತ್ತರದು, ಹನ್ನೆರಡರದು. ಕಡೆಗೆ ಇಪ್ಪತ್ತು ಮುಖದ್ದೂ ಒಂದು.

ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಗೋಳನ್ನು ಹೇಳುವ ಸೂಕ್ತವೊಂದಿದೆ. ಅದನ್ನೋದಿ, ನಳನ ಕಥೆಯನ್ನೂ ಧರ್ಮರಾಯನ ಕಥೆಯನ್ನೂ ಪಾಠ ಹೇಳಿದವನು ಮನೆಯೊಳಗೆ ದಾಳವನ್ನು ಕಂಡು ಸುಮ್ಮನಿರುವುದು ಹೇಗೆ? ನಾನು ಹುಬ್ಬು ಗಂಟಿಕ್ಕಿದೆನು. ಹುಡುಗನು ನಕ್ಕು, “ತಾತ, ಇದರಲ್ಲಿ ಪಣವೇ ಇಲ್ಲ. ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಎಲ್ಲರೂ ಸೇರಿ ಒಂದು ಕಥೆ ಆಡುತ್ತೇವೆ, ಅಷ್ಟೆ” ಎಂದನು.

ಆಟದ ಕ್ರಮವು ಹೀಗಿದೆ. ಒಬ್ಬನು ಸೂತ್ರಧಾರ. ಮಿಕ್ಕವರು ಒಬ್ಬೊಬ್ಬರು ಒಂದೊಂದು ಪಾತ್ರ: ಒಬ್ಬ ವೀರ, ಒಬ್ಬ ಮಂತ್ರವಾದಿ, ಒಬ್ಬ ವೈದ್ಯ, ಒಬ್ಬ ಕಳ್ಳ. “ನಿಮ್ಮ ಮುಂದೆ ಒಂದು ಮುರಿದ ಸೇತುವೆಯಿದೆ, ಏನು ಮಾಡುತ್ತೀರಿ?” ಎಂದು ಸೂತ್ರಧಾರನು ಕೇಳುತ್ತಾನೆ. “ಹಾರುತ್ತೇನೆ” ಎನ್ನುತ್ತಾನೆ ವೀರ. ಹಾರಬಲ್ಲನೋ ಬೀಳುವನೋ ಎಂಬ ಸಂದೇಹವನ್ನು ದಾಳವು ನಿರ್ಣಯಿಸುತ್ತದೆ. ಯತ್ನವು ಆಟಗಾರನದು, ಫಲದಲ್ಲಿ ದೈವಕ್ಕೂ ಒಂದು ಪಾಲು. ಇದರಲ್ಲಿ ಅಧರ್ಮವೇನೂ ನನಗೆ ತೋರಲಿಲ್ಲ. ಈ ಬಗೆಯ ಆಟಗಳಿಗೆ ಮೂಲವೆನಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಆ ಆಟಕ್ಕಾಗಿ ಅಚ್ಚಾದ ಲೋಕಗಳು ಅನೇಕವಿವೆ. ನನ್ನ ಮೊಮ್ಮಗನಿಗಾದರೋ ತನ್ನದೇ ಆದ ಹೊಸ ಲೋಕವೊಂದನ್ನು ಕಟ್ಟಬೇಕೆಂಬ ಹಂಬಲ.

ಕಟ್ಟಿಯೂ ಇದ್ದನು. ಒಂದು ದೊಡ್ಡ ಹಾಳೆಯ ತುಂಬ ಏಳು ರಾಜ್ಯಗಳು, ಹದಿನಾಲ್ಕು ದೇವತೆಗಳು, ಮೂರು ಸಾವಿರ ವರ್ಷಗಳ ಇತಿಹಾಸ. ನೆರೆಮನೆಗಳ ಮೂವರು ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿಕೊಂಡು ಅವನು ರಾಜವಂಶಗಳನ್ನು ಓದತೊಡಗಿದನು. ನಾಲ್ಕನೆಯ ರಾಜನ ವೇಳೆಗೆ ಒಬ್ಬನು ಆಕಳಿಸಿದನು. ಏಳನೆಯವನ ವೇಳೆಗೆ ಇಬ್ಬರು ಕ್ರಿಕೆಟ್ಟಿಗೆ ಎದ್ದರು. ಹುಡುಗನ ಕಣ್ಣಲ್ಲಿ ನೀರು ತುಂಬಿತು.

ಅವನ ತಪ್ಪು ನನಗೆ ಒಡನೆಯೇ ತಿಳಿಯಿತು, ಏಕೆಂದರೆ ಅದು ನನ್ನದೇ ತಪ್ಪು. ರಘುವಂಶವನ್ನು ಆರಂಭಿಸುವಾಗ ಮೊದಲ ವಾರವೆಲ್ಲ ಕಾಳಿದಾಸನ ಕಾಲನಿರ್ಣಯದಲ್ಲಿ ಕಳೆದು, ಮಕ್ಕಳ ಹಸಿವನ್ನು ಪೀಠಿಕೆಯಲ್ಲೇ ಕೊಂದ ಉಪಾಧ್ಯಾಯನು ನಾನು. ಆ ರಾತ್ರಿ ಅವನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಹೇಳಿದೆನು: “ಮಗೂ, ಮಹಾಭಾರತಕ್ಕಿಂತ ದೊಡ್ಡ ಲೋಕವುಂಟೆ? ಅದು ಹೇಗೆ ಮೊದಲಾಗುತ್ತದೆ, ನೋಡು. ನೈಮಿಷಾರಣ್ಯದಲ್ಲಿ ಋಷಿಗಳು ಕುಳಿತಿದ್ದಾರೆ. ಸೂತನು ಬರುತ್ತಾನೆ. ಎಲ್ಲಿಂದ ಬಂದೆಯಪ್ಪಾ ಎಂದು ಅವರು ಕೇಳುತ್ತಾರೆ. ಕೇಳಿದ ಮೇಲೆ ಅವನು ಹೇಳುತ್ತಾನೆ. ನೀನು ಕೇಳದವರಿಗೆ ಹೇಳಹೋದೆ.”

ಮರುದಿನ ತಾತ ಮೊಮ್ಮಗ ಇಬ್ಬರೂ ಕೂಡಿ ಹೊಸದಾಗಿ ಮೊದಲುಮಾಡಿದೆವು. ಏಳು ರಾಜ್ಯಗಳನ್ನು ಮಡಿಸಿಟ್ಟು ಒಂದೇ ಹಳ್ಳಿಯನ್ನು ಬರೆದೆವು. ಹಳ್ಳಿಗೆ ಒಂದು ಬಾವಿ, ಒಂದು ಕೊರತೆ. ಏನನ್ನಾದರೂ ಬಯಸುವ ಮೂವರು ಜನ. ಯಾರೂ ಹೋಗಿ ಬಾರದ ಒಂದು ದಾರಿ. ದೇವತೆಗಳ ಹೆಸರುಗಳು ಯಾರಾದರೂ ಕೈಮುಗಿದ ದಿನ ಬಂದರೆ ಸಾಕೆಂದು ಗೊತ್ತುಮಾಡಿದೆವು. ಹಳ್ಳಿಯ ಪಕ್ಕದಲ್ಲಿ ಒಂದು ಗುಡ್ಡ ಬೇಕೆಂದನು. ನಮ್ಮೂರಿನಲ್ಲಿ ಗುಡ್ಡಕ್ಕೆ ಬರವೆ? ಗಣಿಯ ಕಲ್ಲನ್ನರೆದು ಚಿನ್ನ ತೆಗೆದುಕೊಂಡು ಬಿಸುಟ ಮಣ್ಣಿನ ಸೈನೈಡ್ ದಿಬ್ಬಗಳು ಕಣ್ಣೆದುರಿಗೇ ಇವೆ. “ಗುಡ್ಡದ ಕೆಳಗೆ ಏನಿದೆ? ನೀನೇ ಹೇಳು ತಾತ, ನಿಮ್ಮಪ್ಪ ಗಣಿಯಲ್ಲಿದ್ದರಂತಲ್ಲ” ಎಂದನು.

ಪುಸ್ತಕದಿಂದ ತಿಳಿದುದನ್ನೆಲ್ಲ ಮೊದಲು ಹೇಳಿದೆನು. ಮೂರು ಕಿಲೋಮೀಟರಿಗೂ ಮಿಕ್ಕ ಆಳ. ಮುಟ್ಟಿದರೆ ಸುಡುವ ಬಂಡೆ. ಅದುಮಿದ ಭಾರವನ್ನು ತಾಳಲಾರದೆ ಇದ್ದಕ್ಕಿದ್ದಂತೆ ಸಿಡಿಯುವ ಕಲ್ಲು. 1902ರಲ್ಲಿ ಶಿವನಸಮುದ್ರದ ನೀರಿನ ಶಕ್ತಿಯು ತಂತಿಯ ಮೇಲೆ ಇಲ್ಲಿಗೆ ಬಂದ ಸಂಗತಿ. ನಾನು ಹುಟ್ಟಿದ 1965ರಲ್ಲಿಯೇ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಕುಳಿತು, ಭೂಮಿಯನ್ನೇ ತೂರಿಹೋಗಬಲ್ಲ ನ್ಯೂಟ್ರಿನೋ ಎಂಬ ಕಣಗಳ ಸುಳಿವನ್ನು ಹಿಡಿದ ಸಂಗತಿ. ಹುಡುಗನು ಬಾಯ್ತೆರೆದು ಕೇಳಿದನು. ಆದರೂ, “ಅದಲ್ಲ ತಾತ. ಬಾಯಿಯ ಹತ್ತಿರ ಯಾರಿದ್ದಾರೆ?” ಎಂದನು.

ಬಾಯಿಯ ಹತ್ತಿರ ನನ್ನ ತಂದೆಯಿದ್ದರು. ಒಂದು ಗಣಿಯಲ್ಲಿ, ಇಳಿದವರ ಹೆಸರನ್ನು ಬರೆದುಕೊಂಡು, ಮೇಲೆ ಬಂದವರ ಹೆಸರಿಗೆ ಗುರುತು ಹಾಕುವುದು ಅವರ ಕೆಲಸ. ನನಗೆ ಹತ್ತು ವರ್ಷವಾಗಿದ್ದಾಗ ಒಂದು ರಾತ್ರಿ ಕಲ್ಲು ಸಿಡಿದು ನಮ್ಮ ಅಡಿಗೆಮನೆಯ ಪಾತ್ರೆಗಳು ಅಲುಗಿದುವು. ತಂದೆಯವರು ಮರುದಿನ ಹೊತ್ತೇರಿದ ಮೇಲೆ ಮನೆಗೆ ಬಂದು, ಕೈಕಾಲು ತೊಳೆಯದೆ ಗೋಡೆಗೊರಗಿ ಕುಳಿತರು. “ಒಂದು ಹೆಸರು ಉಳಿದುಹೋಯಿತು” ಎಂದು ತಾಯಿಗೆ ಹೇಳಿದುದು ಕೇಳಿಸಿತು. ಯಾರ ಹೆಸರೆಂದು ಹೇಳಲಿಲ್ಲ, ನಾನು ಕೇಳಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗಲೂ ಕೇಳಲಿಲ್ಲ. ಈಗ ಕೇಳಲು ಅವರಿಲ್ಲ.

ಇದನ್ನು ಮೊಮ್ಮಗನಿಗೆ ಹೀಗೆ ಹೇಳಲಾರದೆ ಹೋದೆನು. “ಬಾಯಿಯ ಹತ್ತಿರ ಒಬ್ಬ ಮುದುಕ ಕುಳಿತಿದ್ದಾನೆ. ಅವನ ತೊಡೆಯ ಮೇಲೆ ಒಂದು ಹಾಜರಿ ಪುಸ್ತಕ. ಅದರಲ್ಲಿ ಒಂದು ಹೆಸರಿಗೆ ಮಾತ್ರ ಗುರುತಿಲ್ಲ. ಆ ಒಬ್ಬನು ಬರುವವರೆಗೂ ಅವನು ಏಳುವುದಿಲ್ಲ” ಎಂದು ಮಾತ್ರ ಹೇಳಿದೆನು.

ಆ ಸಂಜೆ ಯಾರೂ ಆಕಳಿಸಲಿಲ್ಲ. “ಯಾರ ಹೆಸರು?” “ಬದುಕಿದ್ದಾನೆಯೆ?” “ದೀಪ ಎಷ್ಟಿವೆ?” ಎಂದು ಪ್ರಶ್ನೆಗಳ ಮಳೆ ಸುರಿಯಿತು. ಒಂದೊಂದು ಪ್ರಶ್ನೆಗೂ ಹಳ್ಳಿಯು ಒಂದೊಂದು ಮನೆಯಷ್ಟು ಬೆಳೆಯಿತು. ಮಂತ್ರವಾದಿಯಾಗಿದ್ದ ನೆರೆಮನೆಯ ಹುಡುಗಿ, “ಹೆಸರು ಗೊತ್ತಿಲ್ಲದೆ ಕತ್ತಲಲ್ಲಿ ಏನೆಂದು ಕೂಗುವುದು? ನಮ್ಮ ಪಾಟಿಯನ್ನು ಕೇಳಿಕೊಂಡು ಬರುತ್ತೇನೆ, ನಮ್ಮ ತಾತಾವೂ ಇಳಿಯುತ್ತಿದ್ದರು” ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳಿ ಓಡಿದಳು. ಮರುದಿನ ನಾಲ್ಕು ಹೆಸರುಗಳನ್ನು ತಂದಳು. ಅವು ಆಟದ ಹೆಸರುಗಳಲ್ಲ. ಇಳಿದು ಮರಳಿ ಬಾರದಿದ್ದ, ಅವಳ ಅಜ್ಜಿ ಬಲ್ಲ ಮನುಷ್ಯರವು. ಸೂತ್ರಧಾರನ ಪೀಠದಲ್ಲಿದ್ದ ನನ್ನ ಗಂಟಲು ಕಟ್ಟಿತು. ಆಟವನ್ನು ಅರ್ಧ ಗಳಿಗೆ ನಿಲ್ಲಿಸಿ, ನನ್ನ ತಂದೆಯ ಕಥೆಯನ್ನು ಇದ್ದಂತೆಯೇ ಆ ನಾಲ್ವರು ಮಕ್ಕಳಿಗೂ ಹೇಳಿದೆನು. ಐವತ್ತು ವರ್ಷಗಳ ಮೇಲೆ ಅದು ಬಾಯಿಂದ ಹೊರಟಿತು.

ರಜ ಮುಗಿಯಿತು, ಹುಡುಗನು ಊರಿಗೆ ಹೋದನು. ಉಳಿದುಹೋದವನು ಇನ್ನೂ ಸಿಕ್ಕಿಲ್ಲ. ಮಕ್ಕಳು ಸುರಂಗದ ಎರಡನೆಯ ಅಂತಸ್ತಿನಲ್ಲಿ, ಅರ್ಧ ಉರಿದ ಒಂದು ದೀಪದೊಡನೆ ನಿಂತಿದ್ದಾರೆ. ದಸರೆಗೆ ಬರುವ ವೇಳೆಗೆ ಮೂರನೆಯ ಅಂತಸ್ತನ್ನು ಸಿದ್ಧಪಡಿಸಿಡಬೇಕೆಂದು ನನಗೆ ಆಜ್ಞೆಯಾಗಿದೆ. ಅದಕ್ಕಾಗಿ ನಾನೀಗ ಸಾಯಂಕಾಲ ನೆರೆಮನೆಗೆ ಹೋಗಿ ಆ ಮುದುಕಿಯ ಮುಂದೆ ಕುಳಿತು ಕೇಳುತ್ತೇನೆ. ಕೇಳಿದರೆ ಆಕೆ ಹೇಳುತ್ತಾಳೆ.